ಮರೂಹಾ ಎಂಬ ಲೆವೆಲ್ಲು

"ನಿಮ್ಮ ಕಟ್ಟಡ ಆಕಾಶದಲ್ಲಿದೆ," ಎಂದೆ ಫೋನಿನಲ್ಲಿ. ನಮಸ್ಕಾರವಿಲ್ಲ, ನನ್ನ ಹೆಸರು ಇಂಥದ್ದು ಎಂಬ ಪೀಠಿಕೆಯಿಲ್ಲ, ಸೀದಾ ಅಷ್ಟೇ.

ಆ ಕಡೆ ಗಂಡಸಿನ ದನಿ, ಅವಸರವೇ ಗೊತ್ತಿಲ್ಲದ ದನಿ. "ಎಷ್ಟು ಎತ್ತರದಲ್ಲಿದೆ ಮೇಡಂ?"

"ಎರಡು ಸಾವಿರದ ನೂರ ನಲವತ್ಮೂರು ಮೀಟರ್. ಕೆಳಗೆ ಪಾಯ ಇಲ್ಲ, ನೆಲ ಇಲ್ಲ, ಬರೀ ಗಾಳಿ."

"ಹಾಗಾದ್ರೆ ಸರಿಯಾಗೇ ಇದೆ. ಅದು ಆಕಾಶ ಅಲ್ಲ ಮೇಡಂ, ನಮ್ಮೂರು ಮನಿಸಾಲೆಸ್. ಸಮುದ್ರದಿಂದ ಅಷ್ಟೇ ಎತ್ತರ."

ಕಿಟಕಿಯಾಚೆ ನೋಡಿದೆ. ಮಂಜು ನಮ್ಮ ಆಫೀಸಿನ ಗಾಜಿಗೆ ಮೂಗು ಒತ್ತಿಕೊಂಡು ನಿಂತಿತ್ತು, ಎದುರಿನ ಬೀದಿ ಕಾಣುತ್ತಿರಲಿಲ್ಲ. ನಗು ಬಂತು, ನುಂಗಿಕೊಂಡೆ. ಬೈಯಲು ಫೋನ್ ಮಾಡಿದವಳು ನಕ್ಕರೆ ಮರ್ಯಾದೆ ಏನು ಉಳಿಯುತ್ತದೆ?

ನನ್ನ ಹೆಸರು ಅಂಪಾರೊ. ಭೂಕಂಪ ಬಂದರೆ ಕಟ್ಟಡ ನಿಲ್ಲುತ್ತದೋ ಬೀಳುತ್ತದೋ ಎಂದು ಲೆಕ್ಕ ಹಾಕುವ ಇಂಜಿನಿಯರು. ವಯಸ್ಸು ಮೂವತ್ತೆಂಟು, ಬಾಯಿ ಸ್ವಲ್ಪ ಜೋರು, ಮದುವೆಯ ಮಾತು ಬಂದರೆ ಎದ್ದು ಹೋಗುವ ಅಭ್ಯಾಸ. ಊರಿನ ಆರ್ಕಿಟೆಕ್ಟ್ ಆಫೀಸುಗಳಲ್ಲಿ ನನ್ನ ನಂಬರು ಕಂಡರೆ ಫೋನನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರಂತೆ. ಅವತ್ತು ಅದು ದಾಟುತ್ತಾ ದಾಟುತ್ತಾ ಎವೆಲಿಯೊ ಎಂಬವನ ಕೈಗೆ ಬಂದಿತ್ತು. ಅವನು ಮುಂದಕ್ಕೆ ದಾಟಿಸಲಿಲ್ಲ.

ಜಗಳದ ಮೂಲ ಇಷ್ಟೇ. ಕಟ್ಟಡದ ಮಾದರಿಯನ್ನು ಅವನು ತನ್ನ ಸಾಫ್ಟ್‌ವೇರಿನಲ್ಲಿ ಬರೆಯುತ್ತಾನೆ, ನಾನು ಅದನ್ನು ನನ್ನ ಸಾಫ್ಟ್‌ವೇರಿಗೆ ತಂದುಕೊಂಡು ಅಲುಗಾಡಿಸಿ ನೋಡುತ್ತೇನೆ. ಅವನದು ಎತ್ತರವನ್ನು ಸಮುದ್ರದಿಂದ ಅಳೆಯುತ್ತದೆ. ನನ್ನದಕ್ಕೆ ಸಮುದ್ರದ ಹಂಗಿಲ್ಲ, ಪಾಯವೇ ಸೊನ್ನೆ. ಎರಡರ ಮಹಡಿಗಳು ಒಂದೇ ಮಟ್ಟಕ್ಕೆ ಬಂದು ಕೂರದಿದ್ದರೆ ನನ್ನ ಲೆಕ್ಕಕ್ಕೆ ಬೆಲೆಯಿಲ್ಲ.

"ಇನ್ನೊಂದು," ಎಂದೆ. "ನಿಮ್ಮ ಒಂದನೇ ಮಹಡಿ ನನ್ನ ನಾಲ್ಕನೇದು. ಇದೆಂಥಾ ಎಣಿಕೆ?"

"ಬೀದಿಯಿಂದ ಎಣಿಸಿದ್ದೀನಿ ಮೇಡಂ. ಜನ ಬಾಗಿಲಿಂದ ಒಳಗೆ ಬರ್ತಾರೆ, ಪಾಯದಿಂದ ಅಲ್ಲ."

"ಭೂಕಂಪ ಪಾಯದಿಂದಾನೇ ಬರೋದು."

ಅವನು ನಕ್ಕ. ನಮ್ಮೂರಿನ ಮನೆಗಳೇ ಹಾಗೆ: ಬೀದಿಯಿಂದ ನೋಡಿದರೆ ಒಂದು ಮಹಡಿ, ಹಿಂದಿನ ಕಣಿವೆಯಿಂದ ನೋಡಿದರೆ ನಾಲ್ಕು. ಬಾಗಿಲು ತೆರೆದು ಒಳಗೆ ಹೋದವರು ಕೆಳಗಿಳಿಯುತ್ತಲೇ ಇರುತ್ತಾರೆ. ಈ ಕಟ್ಟಡವೂ ಅಂಥದ್ದೇ. ಒಲೀವಾ ಟೀಚರ್ ಅವರ ಸಂಗೀತ ಶಾಲೆಯ ಬಿದಿರು-ಮಣ್ಣಿನ ಹಳೇ ಮನೆಗೆ ಅಂಟಿಕೊಂಡಂತೆ ಬರಬೇಕಿದ್ದ ಹೊಸ ಕಟ್ಟಡ. ಬೀದಿಯ ಮಟ್ಟದಲ್ಲಿ ಸಭಾಂಗಣ, ಅದರ ಕೆಳಗೆ ಮೂರು ಮಹಡಿ ಪಾಠದ ಕೋಣೆಗಳು.

"ಫೋನಲ್ಲಿ ಇದು ಮುಗಿಯೋದಲ್ಲ," ಎಂದ ಅವನು. "ಸೊನ್ನೆ ಎಲ್ಲಿ ಅಂತ ಇಬ್ರೂ ನಿಂತು ನೋಡಿ ಗುರುತು ಹಾಕೋಣ. ಮಂಗಳವಾರ ಹತ್ತು ಗಂಟೆ, ಶಾಲೆ ಬಾಗಿಲಲ್ಲಿ. ಬೈಯೋದು ಉಳಿದಿದ್ರೆ ತರಬಹುದು ಮೇಡಂ."

ಮಂಗಳವಾರ ನಾನು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದೆ. ಅವನು ಆಗಲೇ ಬಂದು ಹೊಸ್ತಿಲ ಮೇಲೆ ಕೂತಿದ್ದ. ಎದ್ದ, ಏಳುತ್ತಲೇ ಹೋದ, ಅಷ್ಟು ಉದ್ದ. ಕಿವಿಯ ಪಕ್ಕ ನರೆ, ಮೊಣಕೈ ಹತ್ತಿರ ತೇಪೆ ಹಾಕಿದ ಸ್ವೆಟರು, ಎಲ್ಲಿಡಬೇಕೆಂದು ತಿಳಿಯದಂತಿದ್ದ ಉದ್ದನೆಯ ಬೆರಳುಗಳು. ಅವನ ನೋಟ ಮೊದಲು ನನ್ನ ಕೆಸರು ಬೂಟಿಗೆ ಬಂತು, ಆಮೇಲೆ ಹೆಲ್ಮೆಟ್ಟಿಗೆ, ಕೊನೆಗೆ ಕಣ್ಣಿಗೆ. ಕಣ್ಣಿಗೆ ಬಂದದ್ದು ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

"ಫೋನಲ್ಲಿ ಇನ್ನೂ ಎತ್ತರ ಇದ್ದೀರಿ ಅನ್ಸಿತ್ತು," ಎಂದ.

"ನನ್ನನ್ನ ಸಮುದ್ರಮಟ್ಟದಿಂದ ಅಳೆಯೋದಿಲ್ಲ."

ಆ ಉತ್ತರವನ್ನು ಅವನು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವರಂತೆ ಸವಿದ. ಅವನ ಮುಖ ನೋಡುತ್ತಾ ಇದ್ದರೆ ಕೆಲಸ ಕೆಡುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು.

ಹೊಸ್ತಿಲ ಕಲ್ಲೇ ಸೊನ್ನೆ ಎಂದು ಇಬ್ಬರೂ ಒಪ್ಪಿದೆವು. ಅವನ ಮಾತು ಅರ್ಧ ಗೆದ್ದಿತು. ಅಲ್ಲಿಂದ ಪಾಯದವರೆಗೆ ನಾನು ಎಣಿಸಿಕೊಂಡು ಬರುವುದು ಎಂದಾಗಿ ನನ್ನದೂ ಅರ್ಧ ಗೆದ್ದಿತು. ಇನ್ನು ಆ ಸೊನ್ನೆಯನ್ನು ಪಕ್ಕದ ನಿವೇಶನದಲ್ಲಿ ನೆಟ್ಟಿದ್ದ ಕಂಬಕ್ಕೆ ದಾಟಿಸಬೇಕಿತ್ತು. ಮೇಸ್ತ್ರಿ ಅರ್ಸೇಸಿಯೊ ಬಳಿ ಲೇಸರ್ ಯಂತ್ರವಿತ್ತು, ಆದರೆ ಅವರಿಗೆ ನಂಬಿಕೆ ನೀರಿನ ಮೇಲೆ: ಪೈಪಿನ ಎರಡು ತುದಿಯಲ್ಲೂ ಅದು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ತಂದು ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಎವೆಲಿಯೊ ಕೈಗೆ ಕೊಟ್ಟರು. ಅವನು ಮೂಲೆ ತಿರುಗಿ ಗೋಡೆಯಾಚೆ ಹೋದ. ನಾನು ಹೊಸ್ತಿಲಲ್ಲಿ ನಿಂತೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ನಡುವೆ ಪೈಪು ಮಾತ್ರ.

"ನೀರು ನಿಂತಿತಾ?" ಕೂಗಿದೆ.

"ಇಲ್ಲ, ಅಲ್ಲಾಡ್ತಿದೆ. ಕೈ ನಡುಗಿಸ್ಬೇಡಿ ಮೇಡಂ."

"ನಡುಗ್ತಿರೋದು ನಿಮ್ಮ ಕಡೆ!"

"ನಿಮ್ಮ ಕಡೆ ನಡುಗಿದ್ರೆ ತಾನೇ ಇಲ್ಲಿ ಗೊತ್ತಾಗೋದು?"

ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಇಬ್ರೂ ಬಾಯಿ ಮುಚ್ಕೊಂಡು ನಿಂತ್ರೆ ಅದೂ ನಿಲ್ಲುತ್ತೆ. ಹೀಗೆ ಮಾತಾಡ್ತಾ ಇದ್ರೆ ಸಂಜೆವರೆಗೂ ನಿಲ್ಲಲ್ಲ ತಾಯಿ."

ಬಾಯಿ ಮುಚ್ಚಿಕೊಂಡೆವು. ನನ್ನ ಕಣ್ಣೆದುರು ಪೈಪಿನ ನೀರು ಮೇಲೆ ಕೆಳಗೆ ತೂಗಿ, ಸಣ್ಣಗಾಗಿ, ಕಲ್ಲಿನ ಅಂಚಿಗೆ ಬಂದು ನಿಂತಿತು. ಗೋಡೆಯಾಚೆ ಅವನೂ ಇದೇ ನೀರನ್ನು ಉಸಿರು ಹಿಡಿದು ನೋಡುತ್ತಿದ್ದಾನೆ ಎಂದುಕೊಂಡೆ. ಯಾಕೋ ಹಿತವಾಯಿತು.

ಆಗಲೇ ಹಳೇ ಮನೆಯ ಕಿಟಕಿ ತೆರೆಯಿತು. ಒಲೀವಾ ಟೀಚರ್ ತಲೆ ಹೊರಹಾಕಿದರು. ಎಪ್ಪತ್ತು ದಾಟಿದವರು, ಅರ್ಧ ಊರಿಗೆ ಸ್ವರ ಕಲಿಸಿದವರು. ಅವರಿಗೆ ಮೇಯರ್ ಕೂಡ 'ನೀನು'.

"ಎವೆಲಿಯೊ! ಹೋದ ಶನಿವಾರ ಯಾಕೋ ಬರ್ಲಿಲ್ಲ? ಮರೂಹಾ ಮುನಿಸ್ಕೊಂಡಿದ್ದಾಳೆ, ಗೊತ್ತಾ?"

"ಈ ಶನಿವಾರ ಖಂಡಿತ ಬರ್ತೀನಿ ಟೀಚರ್," ಎಂದ ಅವನು ಗೋಡೆಯಾಚೆಯಿಂದ. ದನಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ನಾಚಿಕೆ ಇತ್ತು.

ನನ್ನ ಕಡೆ ನೀರು ಜಿಗಿದು ಪೈಪಿನಿಂದ ಚೆಲ್ಲಿತು. ಇನ್ನೊಮ್ಮೆ ಹಿಡಿಯಬೇಕಾಯಿತು.

ಮುಂದಿನ ಬುಧವಾರ ಅವನ ಫೈಲು ಬಂತು. ಕಟ್ಟಡ ಆಕಾಶದಿಂದ ಇಳಿದಿತ್ತು. ಹೊಸ್ತಿಲು ಸೊನ್ನೆ, ಕೆಳಗೆ ಮೂರು ಮಹಡಿ, ಮೇಲೆ ಛಾವಣಿ, ಎಲ್ಲ ಹೇಳಿದ ಹಾಗೆ. ಆದರೆ ಸೊನ್ನೆಗಿಂತ ಮೂವತ್ತಾರು ಸೆಂಟಿಮೀಟರ್ ಮೇಲೆ ಇನ್ನೊಂದು ಲೆವೆಲ್, ಅಂದರೆ ಇನ್ನೊಂದು ನೆಲದ ಮಟ್ಟ, ಇತ್ತು. ಅದರ ಹೆಸರಿನ ಜಾಗದಲ್ಲಿ ದಪ್ಪಕ್ಷರದಲ್ಲಿ: ಮರೂಹಾ.

ತುಂಬಾ ಹೊತ್ತು ಆ ಹೆಸರನ್ನೇ ನೋಡಿದೆ. ಪ್ರೇಯಸಿಯ ಹೆಸರನ್ನು ಮರದ ಮೇಲೆ ಕೆತ್ತುವವರನ್ನು ಕಂಡಿದ್ದೇನೆ. ಕಟ್ಟಡದ ಮಾದರಿಯೊಳಗೆ ಬರೆಯುವವನನ್ನು ಕಂಡದ್ದು ಇದೇ ಮೊದಲು.

ಫೋನ್ ಮಾಡಿದೆ. "ಮೂವತ್ತಾರು ಸೆಂಟಿಮೀಟರಿನ ಮಹಡಿಯಲ್ಲಿ ಯಾರು ಇರ್ತಾರೆ? ಇಲಿಗಳಾ?"

"ಮರೂಹಾ ಮೇಡಂ."

"ನನ್ನ ಸಾಫ್ಟ್‌ವೇರು ಪ್ರತಿ ಲೆವೆಲ್ಲೂ ಒಂದು ಪೂರ್ತಿ ಮಹಡಿ ಅಂತ ನಂಬುತ್ತೆ. ಪಿಲ್ಲರುಗಳೆಲ್ಲ ಅಲ್ಲಿ ತುಂಡಾಗಿವೆ. ಪರದೆ ತುಂಬ ಕೆಂಪು ಗೆರೆ."

"ಅವಳಿಗೂ ಜಾಗ ಬೇಕಲ್ಲ ಮೇಡಂ. ದಯವಿಟ್ಟು ಅಳಿಸ್ಬೇಡಿ." ದನಿಯಲ್ಲಿ ನಗು ಅಡಗಿತ್ತು.

ಯಾರದು ಎಂದು ಕೇಳಬೇಕಿತ್ತು. ಒಳ್ಳೆಯ ಇಂಜಿನಿಯರಾದವಳು ಕೇಳುತ್ತಾಳೆ. ಕೇಳಿದರೆ ನನಗೇನೋ ಆಸಕ್ತಿಯಿದೆ ಎಂದಾಗುತ್ತದೆಂದು ಬಿಗುಮಾನ ಮಾಡಿದೆ. ಫೋನಿಟ್ಟು ಆ ಲೆವೆಲ್ಲನ್ನು ಒತ್ತಿ ಅಳಿಸಿದೆ. ಗೋಡೆಯ ಪಕ್ಕ ಅದಕ್ಕೆ ಅಂಟಿಕೊಂಡಿದ್ದ ಒಂದು ಸಣ್ಣ ಸ್ಲ್ಯಾಬ್ ತಾನಾಗಿ ಕೆಳಗಿಳಿದು ಸೊನ್ನೆಯ ಮಟ್ಟದಲ್ಲಿ ಕೂತಿತು. ನೋಡಿದೆ, ತಲೆ ಕೆಡಿಸಿಕೊಳ್ಳಲಿಲ್ಲ. ಕೆಂಪು ಗೆರೆಗಳೆಲ್ಲ ಮಾಯವಾದವು, ಮನಸ್ಸಿಗೆ ತಂಪಾಯಿತು.

ಅದರ ಮುಂದಿನ ಬುಧವಾರ ಮರೂಹಾ ಮತ್ತೆ ಬಂದಳು. ಅಳಿಸಿದೆ, ಫೋನ್ ಮಾಡಿ ಬೈದೆ. ಅದರ ಮುಂದಿನ ವಾರವೂ ಬಂದಳು. ಅಳಿಸಿದೆ, ಬೈದೆ. ಬೈಗುಳ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ಪಕ್ಕದ ಮನೆಯ ಗಿಣಿ ಅವನ ಅಲಾರಮ್ಮಿನ ಸದ್ದು ಕಲಿತು ಭಾನುವಾರವೂ ಐದಕ್ಕೆ ಎಬ್ಬಿಸುವುದು, ಜ್ವಾಲಾಮುಖಿಯ ಬೂದಿ ಬಿದ್ದು ನನ್ನ ಒಣಹಾಕಿದ ಬಟ್ಟೆಗಳೆಲ್ಲ ಇನ್ನೊಮ್ಮೆ ಒಗೆಯಬೇಕಾದದ್ದು, ನಮ್ಮೂರಲ್ಲಿ ಎಲ್ಲರೂ ಕುಡಿಯುವ ಬೆಲ್ಲದ ಬಿಸಿನೀರಿಗೆ ಚೀಸ್ ಮೊದಲು ಹಾಕಬೇಕೋ ಆಮೇಲೋ ಎಂಬ ವಾದ. ಅವನು ಮೊದಲು ಹಾಕುವವನು. ನಾನು ಆಮೇಲೆ.

"ಮೊದಲೇ ಹಾಕಿದ್ರೆ ಕರಗಿ ತಳ ಸೇರುತ್ತಲ್ರೀ," ಎಂದೆ.

"ಅದಕ್ಕೇ ತಾನೇ ಹಾಕೋದು? ಕೊನೇ ಗುಟುಕಿಗೆ ಅಂತ ಒಂದು ಆಸೆ ಉಳಿಯುತ್ತೆ."

ಬುಧವಾರಗಳಲ್ಲಿ ಅವನಿಗೆ ಫೋನ್ ಮಾಡುವ ಮುಂಚೆ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಫೋನಿಗೆ! ಕಾಣುವುದಿಲ್ಲ, ಏನಿಲ್ಲ. ಒಂದು ದಿನ ಹಾಗೆ ಬಾಚುತ್ತಾ ಕನ್ನಡಿಯಲ್ಲಿ ನನ್ನ ಮುಖ ಕಂಡಾಗ ನನಗೆ ಅವನು ಬೇಕು ಎಂಬುದು ಸ್ಪಷ್ಟವಾಯಿತು. ಅವನ ಆ ನಿಧಾನದ ದನಿ ವಾರಕ್ಕೊಮ್ಮೆ ಸಾಲುತ್ತಿರಲಿಲ್ಲ.

ಐದನೇ ಬುಧವಾರ ಧೈರ್ಯ ಮಾಡಿದೆ. "ಶನಿವಾರ ಸಂಜೆ ಚಿಪ್ರೆ ಗುಡ್ಡಕ್ಕೆ ಹೋಗೋಣ್ವಾ? ಮಂಜಿಲ್ಲದಿದ್ರೆ ಸೂರ್ಯ ಮುಳುಗೋದು ಕಾಣುತ್ತೆ. ಸಿಹಿ ಸವರಿದ ಓಬ್ಲೆಯಾ ಹಪ್ಪಳ ನಾನು ಕೊಡಿಸ್ತೀನಿ."

"ಅಯ್ಯೋ, ಶನಿವಾರ ಆಗಲ್ವಲ್ಲ ಮೇಡಂ. ಶನಿವಾರ ಮರೂಹಾ ಹತ್ರ ಹೋಗ್ತೀನಿ."

"ಪ್ರತಿ ಶನಿವಾರಾನಾ?"

"ಹನ್ನೊಂದನೇ ವಯಸ್ಸಿಂದ. ಭಾನುವಾರ ಆಗುತ್ತಾ? ಭಾನುವಾರ ನಾನು..."

"ಭಾನುವಾರ ನನಗೆ ಕೆಲ್ಸ ಇದೆ," ಎಂದು ಫೋನಿಟ್ಟುಬಿಟ್ಟೆ. ಹನ್ನೊಂದನೇ ವಯಸ್ಸಿನಿಂದ! ಅಷ್ಟು ಹಳೇ ಪ್ರೀತಿಯ ಮುಂದೆ ಐದು ಬುಧವಾರದವಳು ನಾನು ಯಾವ ಲೆಕ್ಕ? ಭಾನುವಾರ ನನಗೆ ಯಾವ ಕೆಲಸವೂ ಇರಲಿಲ್ಲ. ಇಡೀ ದಿನ ಒಲೆಯ ಮುಂದೆ ಕೂತು ಮೆಕ್ಕೆಜೋಳದ ನಾಲ್ಕು ಅರೇಪ ರೊಟ್ಟಿ ಸೀಯಿಸಿದೆ, ಸೀದದ್ದನ್ನೇ ತಿಂದೆ.

ಆರನೇ ವಾರ ಮುಗಿದೊಡನೆ ಸೋಮವಾರ ರಜೆ ಬರುವುದಿತ್ತು, ಎಲ್ಲರಿಗೂ ಊರು ಬಿಡುವ ಆತುರ. ಕೆಳಗಿನ ಮಹಡಿಗಳು ಮೊದಲಿನ ಡ್ರಾಯಿಂಗಿನಂತೆ ಆಗಲೇ ಎದ್ದಿದ್ದವು, ಸಭಾಂಗಣದ ಕೊನೆಯ ಫೈಲು ಬುಧವಾರದ ಬದಲು ಶುಕ್ರವಾರ ಬಂತು. ಅದರಲ್ಲಿ ಅವಳಿದ್ದಳು, ಮೂವತ್ತಾರು ಸೆಂಟಿಮೀಟರ್ ಎತ್ತರದಲ್ಲಿ ನನ್ನನ್ನೇ ನೋಡುತ್ತಾ. ಅಳಿಸಿದೆ. ಡ್ರಾಯಿಂಗುಗಳನ್ನು ತೆಗೆದು, ಸಹಿ ಹಾಕಿ, ಮುದ್ರೆ ಒತ್ತಿ ಸೀದಾ ಮೇಸ್ತ್ರಿಗೆ ಕಳಿಸಿದೆ. ಆ ವಾರ ಮಾತ್ರ ನಾನು ಫೋನ್ ಮಾಡಲಿಲ್ಲ. ಸಂಜೆ ಅವನೇ ಮೂರು ಸಲ ಮಾಡಿದ. ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಮೇಸ್ತ್ರಿಯ ಫೋನು. "ಇಂಜಿನಿಯರಮ್ಮ, ನೀವು ಒಂದ್ಸಲ ಬರೋದು ಒಳ್ಳೇದು. ನಾಳೆ ಕಾಂಕ್ರೀಟ್ ಲಾರಿ ಬರುತ್ತೆ. ಇಲ್ಲಿ ಟೀಚರ್ ಕೂಗಾಡ್ತಿದ್ದಾರೆ."

ಹೋದೆ. ಸಭಾಂಗಣದ ಸೆಂಟ್ರಿಂಗ್ ಮುಗಿದು ಕಂಬಿ ಕಟ್ಟಿ ಆಗಿತ್ತು. ಹಲಗೆಗಳ ನಡುವೆ ಎವೆಲಿಯೊ ಆಫೀಸಿನ ಯಜಮಾನರು, ಆರ್ಕಿಟೆಕ್ಟ್ ಮೆಹಿಯಾ ನಿಂತಿದ್ದರು. ನಮ್ಮಲ್ಲಿ ಟೈ ಕಟ್ಟಿದವರೆಲ್ಲ ಡಾಕ್ಟರಾದ್ದರಿಂದ ಅವರೂ ಡಾಕ್ಟರ್ ಮೆಹಿಯಾ. ಅವರ ಮುಂದೆ ತಲೆ ತಗ್ಗಿಸಿಕೊಂಡು ಎವೆಲಿಯೊ.

ಹಳೇ ಮನೆಯ ಸಂಗೀತದ ಕೋಣೆಗೂ ಹೊಸ ಸಭಾಂಗಣಕ್ಕೂ ನಡುವಿನ ಗೋಡೆಯನ್ನು ಅವತ್ತು ಒಡೆದು ಅಗಲದ ಬಾಗಿಲು ಮಾಡಿದ್ದರು. ಆ ಬಾಗಿಲಲ್ಲಿ ಒಲೀವಾ ಟೀಚರ್ ನಿಂತಿದ್ದರು. ಅವರ ಪಕ್ಕದಲ್ಲಿ, ಮೂರು ಹಿತ್ತಾಳೆ ಚಕ್ರಗಳ ಮೇಲೆ, ಕಪ್ಪು ಮಿರುಗಿನ ಒಂದು ದೊಡ್ಡ ಪಿಯಾನೋ. ಹಳೇ ಮನೆಯ ಮರದ ನೆಲ ನಮ್ಮ ಸೆಂಟ್ರಿಂಗಿಗಿಂತ ಮೊಣಕಾಲೆತ್ತರ ಮೇಲಿತ್ತು. ನಾನು ಅಳೆಯಲಿಲ್ಲ. ಅಳೆಯದೆಯೂ ಮೂವತ್ತಾರು ಸೆಂಟಿಮೀಟರ್ ಎಂದು ಗೊತ್ತಾಯಿತು.

ಪಿಯಾನೋದ ಮುಂಭಾಗದಲ್ಲಿ ಮಾಸಿದ ಬಂಗಾರದ ಬಣ್ಣದಲ್ಲಿ, ಯಾರೋ ಹಿಂದಿನವರು ಕೈಯಲ್ಲಿ ಬರೆದ ಹೆಸರು: ಮರೂಹಾ.

"ವೇದಿಕೆ ನನ್ನ ನೆಲದ ಸಮಕ್ಕೆ ಬರುತ್ತೆ, ಮರೂಹಾನ್ನ ನೂಕಿದ್ರೆ ಸಾಕು, ಎತ್ತೋದು ಬೇಡ ಅಂದಿದ್ರಿ!" ಟೀಚರ್ ಬೈಯುತ್ತಿದ್ದರು. "ಈಗ ಇವಳನ್ನ ಇಲ್ಲಿಂದ ಹಳ್ಳಕ್ಕೆ ಬೀಳಿಸ್ಲಾ? ಎಪ್ಪತ್ತೊಂಬತ್ತನೇ ಇಸವಿ ಭೂಕಂಪದಲ್ಲೂ ಇವಳ ಕಾಲು ಮುರೀಲಿಲ್ಲ ಕಣೋ, ನಿಮ್ಮ ಕೈಯಲ್ಲಿ ಮುರೀತಿತ್ತು!"

"ತಪ್ಪು ನನ್ನದು," ಎಂದ ಎವೆಲಿಯೊ. "ಆ ಲೆವೆಲ್ ನಾನು ಸರಿಯಾಗಿ ಕಳಿಸಿಲ್ಲ ಅನ್ಸುತ್ತೆ."

"ಹೆಸರಿಡೋಕೆ ಬೇರೆ ಸಿಗಲಿಲ್ವಾ ನಿಮಗೆ?" ಮೆಹಿಯಾ ರೇಗಿದರು. "ವೇದಿಕೆ ಅಂತ ಬರೆದಿದ್ರೆ ಈ ಗತಿ ಬರ್ತಿತ್ತಾ? ಸಾಕು. ಸೋಮವಾರದಿಂದ ಪೆರೇರಾ ಊರಿನ ನಮ್ಮ ಆಫೀಸಿಗೆ ಹೋಗಿ, ಅಲ್ಲಿ ಪಾರ್ಕಿಂಗ್ ಕಟ್ಟಡ ಇದೆ. ಇಲ್ಲಿನ ಫೈಲು ಬೇರೆಯವರು ನೋಡ್ತಾರೆ."

ಅವನು ನನ್ನ ಕಡೆ ನೋಡಲೇ ಇಲ್ಲ. ನೋಡಿದರೆ ನಾನು ಏನಾದರೂ ಹೇಳಿಬಿಡುತ್ತೇನೆಂದು ಹೆದರಿದವನಂತೆ ಸೆಂಟ್ರಿಂಗಿನ ಒಂದು ಮೊಳೆಯನ್ನು ದಿಟ್ಟಿಸುತ್ತಿದ್ದ.

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಹದಿಮೂರು ವರ್ಷದಲ್ಲಿ ನನ್ನ ಡ್ರಾಯಿಂಗಿನಲ್ಲಿ ತಪ್ಪಿದೆ ಎಂದು ಯಾರೂ ಬೆರಳು ತೋರಿಸಿರಲಿಲ್ಲ. ಅದೇ ನನ್ನ ಜಂಬ, ಅದೇ ನನ್ನ ಅನ್ನ. ಸುಮ್ಮನಿದ್ದರೆ ಅದು ಉಳಿಯುತ್ತಿತ್ತು, ಅವನು ಪೆರೇರಾಕ್ಕೆ ಹೋಗುತ್ತಿದ್ದ, ಬುಧವಾರ ಬೇರೆ ಯಾರದೋ ಫೈಲು ಬರುತ್ತಿತ್ತು. ಬೇರೆ ಯಾರದೋ ದನಿ.

"ಡಾಕ್ಟರ್ ಮೆಹಿಯಾ, ಇವರು ಸರಿಯಾಗೇ ಕಳಿಸಿದ್ರು," ಎಂದೆ. "ಆರು ವಾರ, ಆರು ಸಲ. ಅಳಿಸಿದ್ದು ನಾನು."

"ನೀವಾ?" ಅವರಿಗೆ ನಂಬಿಕೆ ಬರಲಿಲ್ಲ. "ಇವರನ್ನ ಉಳಿಸೋಕೆ ಹೇಳ್ತಿದ್ದೀರಿ. ಒಂದ್ಸಲ ಆದ್ರೆ ಕಣ್ತಪ್ಪು ಅನ್ಬಹುದು. ಆರು ಸಲ ನಿಮಗೆ ಕಣ್ತಪ್ಪುತ್ತಾ?"

"ಕಣ್ತಪ್ಪಲ್ಲ. ಬೇಕಂತಲೇ ಅಳಿಸಿದೆ."

"ಯಾಕೆ?"

ಮೇಸ್ತ್ರಿ, ಟೀಚರ್, ಕಂಬಿ ಕಟ್ಟುತ್ತಿದ್ದ ಇಬ್ಬರು ಕೆಲಸದವರು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಎವೆಲಿಯೊ ಮೊಳೆಯಿಂದ ಕಣ್ಣೆತ್ತಿದ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಬಂದಿದ್ದರೂ ಆಗ ಹೊಳೆಯುತ್ತಿರಲಿಲ್ಲ.

"ಮರೂಹಾ ಅನ್ನೋಳು ಇವರ ಪ್ರೇಯಸಿ ಅಂದ್ಕೊಂಡಿದ್ದೆ," ಎಂದೆ.

"ಅಂದ್ಕೊಂಡ್ರೆ? ಅದಕ್ಕೂ ಸ್ಲ್ಯಾಬಿಗೂ ಏನು ಸಂಬಂಧ?"

"ಹೊಟ್ಟೆಕಿಚ್ಚು ಡಾಕ್ಟರ್. ವರದಿಯಲ್ಲಿ ಹಾಗೇ ಬರ್ಕೊಳ್ಳಿ. ಸಹಿ ನಾನು ಹಾಕ್ತೀನಿ."

ಮೇಸ್ತ್ರಿ ಅರ್ಸೇಸಿಯೊ ಕೆಮ್ಮಿದರು. ಕೆಮ್ಮು ನಗುವಾಯಿತು. ಮೆಹಿಯಾ ಟೈ ಸಡಿಲ ಮಾಡಿಕೊಂಡರು. ಒಲೀವಾ ಟೀಚರ್ ಪಿಯಾನೋದ ಮೇಲೆ ಬಗ್ಗಿ ಅದರ ಬೆನ್ನು ತಟ್ಟಿದರು.

"ಕೇಳಿಸ್ಕೊಂಡ್ಯೇನೇ ಮರೂಹಾ? ನೂರ ಎರಡು ವರ್ಷಕ್ಕೆ ನಿಂಗೊಬ್ಬಳು ಸವತಿ ಬಂದ್ಳು!"

ಆಗ ಎಲ್ಲರೂ ನಕ್ಕರು. ಎವೆಲಿಯೊ ಮಾತ್ರ ನಗಲಿಲ್ಲ. ಕಿವಿಯವರೆಗೂ ಕೆಂಪಾಗಿ ನನ್ನನ್ನೇ ನೋಡುತ್ತಿದ್ದ, ಮೊದಲ ದಿನ ನೋಡಿದ ಹಾಗೆ. ಈ ಸಲ ಬೂಟು, ಹೆಲ್ಮೆಟ್ಟು ಯಾವುದೂ ಇಲ್ಲ, ನೇರ ಕಣ್ಣಿಗೆ.

ಲಾರಿಯನ್ನು ಮುಂದಿನ ಮಂಗಳವಾರಕ್ಕೆ ಮುಂದೂಡಲಾಯಿತು. ವೇದಿಕೆಯ ಸೆಂಟ್ರಿಂಗ್ ಎತ್ತಲು ಎರಡು ದಿನ ಸಾಕು ಎಂದರು ಮೇಸ್ತ್ರಿ. ಅದರ ಖರ್ಚು ನನ್ನದು ಎಂದೆ. ಮೆಹಿಯಾ ಹೊರಡುವಾಗ ಎವೆಲಿಯೊಗೆ ಹೇಳಿದರು: "ಪೆರೇರಾ ಬೇಡ, ಇಲ್ಲೇ ಇರಿ. ನಿಮ್ಮಿಬ್ಬರ ಮಧ್ಯೆ ಮೂರನೆಯವರನ್ನ ಕೂರಿಸಿದ್ರೆ ಕಟ್ಟಡಾನೇ ಬಿದ್ದೋಗುತ್ತೆ."

ಹೊಸ್ತಿಲ ಕಲ್ಲಿನ ಮೇಲೆ ಕೂತೆವು. ಟೀಚರ್ ಎರಡು ಲೋಟ ಬೆಲ್ಲದ ನೀರು, ತಟ್ಟೆಯಲ್ಲಿ ಚೀಸ್ ಕೊಟ್ಟು ಒಳಗೆ ಹೋದರು. ಅವನು ತನ್ನ ಲೋಟಕ್ಕೆ ಚೀಸ್ ಹಾಕಿದ. ನಾನು ಹಾಕಲಿಲ್ಲ. ಬೀದಿಯ ಮಂಜು ಸ್ವಲ್ಪ ತೆಳುವಾಗಿತ್ತು.

"ಒಂದು ಮಾತು ಹೇಳ್ಬೇಕು," ಎಂದ. "ಕೇಳಿದ ಮೇಲೆ ಬೈಬಹುದು. ಮರೂಹಾ ಅಂದ್ರೆ ಪಿಯಾನೋ ಅಂತ ಮೊದಲನೇ ಬುಧವಾರವೇ ಹೇಳಬಹುದಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅಳಿಸ್ತಿರ್ಲಿಲ್ಲ. ಅಳಿಸದಿದ್ರೆ ಫೋನ್ ಮಾಡ್ತಿರ್ಲಿಲ್ಲ."

ಲೋಟ ಕೆಳಗಿಟ್ಟೆ. "ಗೊತ್ತಿದ್ದೂ ಆರು ವಾರ ನನ್ನ ಆಟ ಆಡಿಸಿದ್ರಾ?"

"ನಿಮಗೆ ಹೊಟ್ಟೆಕಿಚ್ಚು ಅಂತ ಗೊತ್ತಿರ್ಲಿಲ್ಲ. ಕೆಂಪು ಗೆರೆಗೆ ಕೋಪ ಅಂದ್ಕೊಂಡಿದ್ದೆ. ಪ್ರತಿ ವಾರ ಮತ್ತೆ ಸೇರಿಸಿ ಕಳಿಸ್ತಿದ್ದೆ, ಫೋನ್ ಬರುತ್ತೆ ಅಂತ ಕಾಯ್ತಿದ್ದೆ. ಕೊನೇ ಫೈಲಿಗೆ ಎಲ್ಲ ಹೇಳಿ ಸರಿ ಮಾಡೋಣ ಅಂತಿದ್ದೆ. ಆ ಶುಕ್ರವಾರ ನೀವು ಎತ್ಲಿಲ್ಲ. ಸೋಮವಾರ ರಜೆ. ಅಷ್ಟರಲ್ಲಿ ಮೇಸ್ತ್ರಿ ಹಲಗೆ ಹೊಡೆದಾಗಿತ್ತು. ಅದಕ್ಕೇ ತಪ್ಪು ನನ್ನದು ಅಂದೆ. ನಿಮ್ಮನ್ನ ಉಳಿಸೋಕಲ್ಲ."

ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಬರುವಾಗ ದಾರಿಯಲ್ಲೇ ಕರಗಿ ಏನೋ ಆಗಿ ಬಂತು. "ಹಾಗಾದ್ರೆ ಅರ್ಧ ತಪ್ಪು ನಿಮ್ದು," ಎಂದೆ.

"ಹದಿನೆಂಟು ಸೆಂಟಿಮೀಟರ್ ನಂದು," ಎಂದು ಒಪ್ಪಿಕೊಂಡ. "ಹದಿನೆಂಟು ನಿಮ್ದು."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿಯನ್ನು ನೋಡುತ್ತಾ ಹೇಳಿದ: "ನಂಗೆ ನೀವು ಅಂದ್ರೆ ತುಂಬಾ ಇಷ್ಟ ಅಂಪಾರೊ. ಕಟ್ಟಡ ಆಕಾಶದಲ್ಲಿದೆ ಅಂತ ಬೈದ್ರಲ್ಲ, ಆವತ್ತಿಂದ."

ಮೇಡಂ ಅನ್ನದೆ ನನ್ನ ಹೆಸರು ಹಿಡಿದದ್ದು ಅದೇ ಮೊದಲು. ಉತ್ತರವನ್ನು ನಾನು ಆಗಲೇ ಎಲ್ಲರ ಮುಂದೆ ಕೊಟ್ಟಾಗಿತ್ತು. ಇನ್ನೇನು ಹೇಳಲಿ? ಅವನ ಲೋಟವನ್ನು ತೆಗೆದುಕೊಂಡು ತಳದಲ್ಲಿ ಕರಗಿದ್ದ ಚೀಸಿನ ಕೊನೇ ಗುಟುಕು ಕುಡಿದುಬಿಟ್ಟೆ.

"ಅದು ನನ್ನದು!" ಎಂದ.

"ಗೊತ್ತು."

ಸೋಮವಾರ ಮೇಸ್ತ್ರಿ ಪೈಪು ತಂದರು. ಈ ಸಲ ಗೋಡೆ ಇರಲಿಲ್ಲ. ಹಳೇ ಬಾಗಿಲಲ್ಲಿ ಅವನು, ವೇದಿಕೆಯ ಸೆಂಟ್ರಿಂಗಿನ ಪಕ್ಕ ನಾನು, ನಡುವೆ ನೀರು. "ಮೂವತ್ತಾರಕ್ಕೆ ಗುರುತು ಹಾಕಿ," ಎಂದ ಅವನು. ನಾನು ಮೂವತ್ತೆರಡಕ್ಕೆ ಹಾಕಿದೆ.

"ನಾಲ್ಕು ಸೆಂಟಿಮೀಟರ್ ಎಲ್ಲಿ ಹೋಯ್ತು?"

"ಮೇಲೆ ಮರದ ಹಲಗೆ ಬರುತ್ತಲ್ರೀ. ಅದಕ್ಕೂ ಜಾಗ ಬೇಡ್ವಾ? ನೀವು ಯಾವಾಗ್ಲೂ ಕೆಲಸ ಮುಗಿದ ನೆಲಾನೇ ನೋಡ್ತೀರಿ. ಹಸೀ ಕಾಂಕ್ರೀಟು ನನ್ನ ಹಣೆಬರಹ."

"ನೀರು ನಿಂತಿತಾ?" ಕೇಳಿದರು ಮೇಸ್ತ್ರಿ.

ಅವನು ನನ್ನನ್ನು ನೋಡುತ್ತಿದ್ದ, ನೀರನ್ನಲ್ಲ. "ನಿಂತಿದೆ," ಎಂದೆ ನಾನೇ.

ಕಾಂಕ್ರೀಟ್ ಬಲಿತು, ಹಲಗೆ ಹೊಡೆದು, ಗೋಡೆಗೆ ಬಣ್ಣವಾಗಿ, ಒಂದು ಶನಿವಾರ ಮರೂಹಾ ಹೊರಟಳು. ಒಲೀವಾ ಟೀಚರ್ ಅವಳ ಮುಚ್ಚಳದ ಮೇಲೆ ಅಂಚಿನವರೆಗೆ ತುಂಬಿದ ಒಂದು ಕಪ್ ಕಾಫಿ ಇಟ್ಟರು. "ಒಂದು ಹನಿ ಚೆಲ್ಲಿದ್ರೂ ಇಂಜಿನಿಯರ್ ಬಿಲ್ಲು ಹರಿದು ಹಾಕ್ತೀನಿ," ಎಂದರು. ಮೇಸ್ತ್ರಿ ಮತ್ತು ಎವೆಲಿಯೊ ಹಿಂದಿನಿಂದ ನೂಕಿದರು. ನಾನು ಮುಂದೆ ಮೊಣಕಾಲೂರಿ ಚಕ್ರಗಳನ್ನು ನೋಡುತ್ತಿದ್ದೆ. ಮೊದಲ ಚಕ್ರ ಹಳೇ ಮರದಿಂದ ಹೊಸ ಮರಕ್ಕೆ ದಾಟಿತು. ಎರಡನೆಯದು ದಾಟಿತು. ಮೂರನೆಯದು ಬರುವಾಗ ನಾನು ಉಸಿರು ಬಿಟ್ಟಿರಲಿಲ್ಲ. ಅದೂ ಬಂತು. ಕಾಫಿ ಕೊಂಚ ತುಳುಕಾಡಿ ತೆಪ್ಪಗಾಯಿತು.

ಟೀಚರ್ ಕಪ್ ಎತ್ತಿ ಒಂದೇ ಸಮ ಕುಡಿದರು. "ಬಾರೋ," ಎಂದರು ಎವೆಲಿಯೊಗೆ. "ಮೊದಲು ನೀನೇ ನುಡಿಸು. ಮಗಳೇ, ನೀನು ಪಕ್ಕದಲ್ಲಿ ಕೂತ್ಕೋ. ಸವತಿಯರು ದೂರ ದೂರ ಇದ್ರೆ ಮನೇಲಿ ಶಾಂತಿ ಇರಲ್ಲ."

ಅವನು ಬಾರಿಸಿದ್ದು ಒಂದು ಹಳೇ ಪಾಸಿಯೊ, ನಮ್ಮ ಅಜ್ಜಿಯರ ಕಾಲದ ಕುಣಿತದ ಹಾಡು. ಎಲ್ಲಿಡಬೇಕೆಂದು ತಿಳಿಯದಂತಿದ್ದ ಆ ಬೆರಳುಗಳಿಗೆ ಅಲ್ಲಿ ಸಂದೇಹವೇ ಇರಲಿಲ್ಲ. ನನ್ನ ಭುಜಕ್ಕೆ ಅವನ ತೇಪೆಯ ಮೊಣಕೈ ಆಗಾಗ ತಗಲುತ್ತಿತ್ತು. ನಾನು ಸರಿದು ಜಾಗ ಕೊಡಲಿಲ್ಲ.

ಅದಾದ ಬುಧವಾರ ಬೇರೊಂದು ಕಟ್ಟಡದ ಫೈಲು ಬಂತು. ಐದು ಲೆವೆಲ್ಲು, ಐದೂ ತಮ್ಮ ತಮ್ಮ ಜಾಗದಲ್ಲಿ. ಸೊನ್ನೆ ಹೊಸ್ತಿಲಲ್ಲಿ. ಯಾವ ಹೆಂಗಸಿನ ಹೆಸರೂ ಇಲ್ಲ. ಒಂದು ಗಂಟೆ ಹುಡುಕಿದೆ, ಬೈಯಲು ಒಂದೇ ಒಂದು ತಪ್ಪು ಸಿಗಲಿಲ್ಲ. ತಲೆ ಬಾಚಿಕೊಂಡು ಫೋನ್ ಮಾಡಿದೆ.

"ಏನು ತಪ್ಪಾಗಿದೆ ಮೇಡಂ?" ಎಂದ, ಬೇಕಂತಲೇ ಮೇಡಂ ಸೇರಿಸಿ.

"ಏನೂ ಇಲ್ಲ. ಎಲ್ಲ ಸರಿಯಾಗಿದೆ."

"ಮತ್ತೆ ಫೋನ್ ಮಾಡಿದ್ದು?"

"ಸುಮ್ನೆ," ಎಂದೆ.

ಆ ಕಡೆ ಅವನು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತ ಸದ್ದು ಕೇಳಿಸಿತು.